ಗಾರೆ ಕೈಬಿಟ್ಟ ಸೇತುವೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ನೀಲಾಂಬಿಕೆ. ಅಂದು ಹಳೆಯ ಕಲ್ಲುಸೇತುವೆಯೊಂದರ ನಟ್ಟನಡುವೆ ನಾವಿದ್ದ ಬಸ್ಸು ಕೆಟ್ಟು ನಿಂತಿತ್ತು. ಸುಮ್ಮನೆ ಕೂರುವುದು ಅತ್ತೆಗೆ ಯಾವತ್ತೂ ಒಗ್ಗಿದ್ದಲ್ಲ.

ಬಹಳ ಬಹಳ ಹಿಂದೆ, ಏಳುಮುಡಿ ಎಂಬ ರಾಜ್ಯದಲ್ಲಿ, ಬೆಳ್ದೊರೆ ಎಂಬ ಹೊಳೆಗೆ ಅಡ್ಡಲಾಗಿ ಒಂದು ಸೇತುವೆಯಿತ್ತು. ಅದರ ತುದಿಯಲ್ಲೊಂದು ಕಲ್ಲಾನೆ, ನೀರಿನಲ್ಲೊಂದು ದೀಪಗಂಬ, ಹೊಳೆಯ ನಡುವೆ ಒಂದು ಕರಿಬಂಡೆ. ಸೇತುವೆಯ ಕಲ್ಲುಗಳನ್ನು ಬಿಗಿಹಿಡಿದಿದ್ದ ಗಾರೆಯನ್ನು ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದವಳು ಮಾಚವ್ವೆ. ಅರೆದೂ ಅರೆದೂ ಅವಳ ಹುಬ್ಬು, ಕೂದಲು, ಉಗುರು ಎಲ್ಲ ಬೆಳ್ಳಗಾಗಿದ್ದವು. ಆ ದುಡಿಮೆಯಲ್ಲೇ ಒಬ್ಬನೇ ಮಗ ಬೊಪ್ಪನನ್ನು ಸಾಕಿದಳು. ಬೊಪ್ಪ ಬೆಳೆದು ಅರಸರ ಕುದುರೆಪಡೆಗೆ ನಾಯಕನಾದ. ಪೇಟ ಬಂತು, ಮೀಸೆ ಬಂತು, ನಡಿಗೆಯೇ ಬೇರೆಯಾಯಿತು.

ಒಂದು ಬೆಳಿಗ್ಗೆ ಅವನು ಮಂತ್ರಿಯ ಮಗನ ಜೊತೆ ಸೇತುವೆಯ ಮೇಲೆ ಕುದುರೆ ನಡೆಸುತ್ತಿದ್ದ. ಎದುರಿಗೆ ಬುತ್ತಿ ಹೊತ್ತು ಬಂದ ಮಾಚವ್ವೆ ಪಕ್ಕಕ್ಕೆ ಸರಿದು, ಹೊಳೆಯ ಕಡೆ ಮುಖ ಮಾಡಿ ನಿಂತಳು.

“ನಮ್ಮನ್ನು ಕಂಡು ಮುಖ ತಿರುಗಿಸಿದಳಲ್ಲ, ಯಾರಯ್ಯಾ ಆ ಸುಣ್ಣದ ಗೊಂಬೆ?” ಎಂದು ಮಂತ್ರಿಯ ಮಗ ನಕ್ಕ.

ಬೊಪ್ಪನೂ ನಕ್ಕ, ಒಂದಿಷ್ಟು ಜೋರಾಗಿಯೇ. “ಯಾರೋ!” ಎಂದ.

ಕರಿಬಂಡೆಯೊಳಗೆ ಯಾರೋರಾಯ ಎಂಬ ಮಾಂತ್ರಿಕನಿದ್ದ. ತಮ್ಮವರನ್ನೇ ಜನ ‘ಯಾರೋ’ ಎಂದರೆ ಆ ಜೀವ ಅವನ ಪಾಲು. ಕರಿಗಾಳಿಯೊಂದು ಎದ್ದು ಮಾಚವ್ವೆಯನ್ನು ಎತ್ತಿಕೊಂಡು ಹೋಯಿತು. ಅವಳು ಅರೆದ ಗಾರೆ ಆ ಕ್ಷಣವೇ ಕಲ್ಲುಗಳ ಕೈಬಿಟ್ಟಿತು. ಕುದುರೆಗಳು ದಡ ಸೇರುವಷ್ಟರಲ್ಲಿ ನಡುವಿನ ಕಮಾನುಗಳು ಧಡಧಡನೆ ಹೊಳೆಗೆ ಬಿದ್ದವು.

ಯಾರ ತಪ್ಪಿಗೆ ಸೇತುವೆ ಬಿತ್ತೆಂದು ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ, ಬೊಪ್ಪನೊಬ್ಬನಿಗೆ ಬಿಟ್ಟು. “ಇದು ಕರಿಬಂಡೆಯವನ ಮಾಟ. ಅವನನ್ನು ಗೆಲ್ಲುವವರು ಯಾರು?” ಎಂದು ಅರಸರು ಕೇಳಿದಾಗ ಅವನು ಎದ್ದು ನಿಂತ. “ಎಂಥ ಧೀರ!” ಎಂದು ಹೆಂಗಸರು ಆರತಿ ಎತ್ತಿದರು. ಅವರಿಟ್ಟ ಕುಂಕುಮ ಬೊಪ್ಪನ ಹಣೆಯನ್ನು ಕೆಂಡದ ಹಾಗೆ ಸುಟ್ಟಿತು.

ಬೊಪ್ಪ ಕಲ್ಲಾನೆಯ ಮುಂದೆ ನಿಂತ. “ಕಲ್ಲಾನೆ, ಕಲ್ಲಾನೆ, ನನ್ನನ್ನು ದಾಟಿಸು.”

ಕಲ್ಲಾನೆ ಒಂದು ಕಣ್ಣು ತೆರೆಯಿತು. “ಯಾರ ಮಗನಪ್ಪ ನೀನು?”

“ಕುದುರೆಪಡೆಯ ನಾಯಕ.”

“ನಾನು ಕೇಳಿದ್ದು ಕೆಲಸವನ್ನಲ್ಲ.”

ಬೊಪ್ಪ ಅತ್ತಿತ್ತ ನೋಡಿ, ಆನೆಯ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ. “ಗಾರೆ ಮಾಚವ್ವೆಯ ಮಗ.”

“ಕಲ್ಲಿನ ಕಿವಿ ಕಣಪ್ಪ, ಜೋರಾಗಿ ಹೇಳು.”

ಜೋರಾಗಿ ಹೇಳಿದ. ಆರತಿಯ ಹೆಂಗಸರು ಮುಖಮುಖ ನೋಡಿಕೊಂಡರು. ಆನೆ ಅವನನ್ನು ಬೆನ್ನಿಗೇರಿಸಿಕೊಂಡು ಹೊಳೆಗಿಳಿಯಿತು. ನೀರು ಕುತ್ತಿಗೆಗೆ ಬಂದಾಗ ದೀಪಗಂಬದ ಕಟ್ಟೆಗೆ ಅವನನ್ನು ಇಳಿಸಿ ನಿಂತಿತು.

“ದೀಪಗಂಬ, ದೀಪಗಂಬ, ನನ್ನನ್ನು ದಾಟಿಸು.”

“ಸೇತುವೆ ಬಿದ್ದದ್ದು ಯಾಕೆ?” ಎಂದಿತು ದೀಪಗಂಬ.

“ಹೊಳೆಯ ಸೆಳೆತಕ್ಕೆ.” ದೀಪಗಳು ಮಂಕಾದವು.

“ಕಲ್ಲು ಹಳೆಯದಾಗಿ.” ಇನ್ನಷ್ಟು ಮಂಕಾದವು.

“ನಾನು... ಹೆತ್ತವ್ವನನ್ನು ಯಾರೋ ಎಂದುಬಿಟ್ಟೆ.”

ದೀಪಗಳೆಲ್ಲ ಭಗ್ಗನೆ ಹೊತ್ತಿಕೊಂಡವು. ಬೆಳಕು ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡಿತು. ಎರಡೂ ದಡದ ಜನಕ್ಕೆ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಬೆಳಕು ಸ್ವಲ್ಪ ಕಮ್ಮಿಯಿದ್ದಿದ್ದರೆ ಎಂದುಕೊಳ್ಳುತ್ತಲೇ ಬೊಪ್ಪ ಅದರ ಮೇಲೆ ನಡೆದ.

ಕರಿಬಂಡೆಯ ಮೇಲೆ ಯಾರೋರಾಯ ಕೂತಿದ್ದ. ಅವನಿಗೆ ಸ್ವಂತ ಮುಖವಿರಲಿಲ್ಲ. ಅವನ ಮುಂದೆ ಬಂಡೆಯ ಕಡೆಗೇ ಮುಖ ಮಾಡಿ ಸಾಲಾಗಿ ಹೆಂಗಸರು, ಎಲ್ಲರಿಗೂ ಅದೇ ಬಿಳಿ ಹುಬ್ಬು, ಅದೇ ಬಿಳಿ ಕೂದಲು, ಅದೇ ಮುಖ.

“ನಿನ್ನ ತಾಯಿಯನ್ನು ಗುರುತಿಸು,” ಎಂದು ನಕ್ಕ. “ತಪ್ಪಿದರೆ ಅವಳೂ ನನ್ನವಳು, ನೀನೂ ಯಾರೋ.”

ಬೊಪ್ಪ ಒಬ್ಬೊಬ್ಬರನ್ನೇ ನೋಡಿದ. ಅವ್ವನ ಕೆನ್ನೆಯಲ್ಲಿ ಮಚ್ಚೆ ಇತ್ತೇ? ಇದ್ದರೆ ಯಾವ ಕೆನ್ನೆಯಲ್ಲಿ? ಅವಳ ಮುಖವನ್ನು ಅವನು ನೆಟ್ಟಗೆ ನೋಡಿ ವರ್ಷಗಳೇ ಆಗಿದ್ದವು. ನಾಚಿಕೆಯಿಂದ ನೆಲ ನೋಡುತ್ತ, “ಅವ್ವಾ!” ಎಂದು ಕೂಗಿದ.

ಎಲ್ಲರೂ ತಿರುಗಿದರು. “ಮಗಾ!” “ಕಂದಾ!” “ಬಂದೆಯೇನೋ!” ಎಂದು ಕೈಚಾಚಿದರು. ಅವರೂ ‘ಯಾರೋ’ ಎನ್ನಿಸಿಕೊಂಡು ಇಲ್ಲಿಗೆ ಬಂದವರೇ. ಯಾರು ಕರೆದರೂ ಸಾಕಿತ್ತು ಅವರಿಗೆ.

ಒಬ್ಬಳು ಮಾತ್ರ ತಿರುಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂಡೆಯ ಕಡೆ ಮುಖ ಮಾಡಿ ನಿಂತೇ ಇದ್ದಳು.

ಪೇಟ ಸುತ್ತಿಕೊಂಡ ಮೊದಲ ದಿನ ಬೊಪ್ಪನೇ ಅವಳಿಗೆ ಹೇಳಿದ್ದ: “ಜನರ ಮುಂದೆ ನಾನು ಎದುರಾದರೆ ಆ ಕಡೆ ತಿರುಗಿಕೊಂಡುಬಿಡವ್ವ, ಮಾತಾಡಿಸಬೇಡ.” ಅವಳು ಇವತ್ತಿಗೂ ಅದನ್ನು ಪಾಲಿಸುತ್ತಿದ್ದಳು.

ಅವನು ಪೇಟ ಕಿತ್ತೆಸೆದು ಅವಳ ಕಾಲಿಗೆ ಬಿದ್ದ. “ಇವಳೇ ನನ್ನ ಅವ್ವ! ಗಾರೆ ಅರೆದ ಮಾಚವ್ವೆ! ಇವಳನ್ನು ಯಾರೋ ಎಂದು ಸೇತುವೆ ಬೀಳಿಸಿದವನು ನಾನೇ!”

ನೀರಿನ ಮೇಲೆ ಮಾತು ದೂರ ಹೋಗುತ್ತದೆ. ದಡದಲ್ಲಿ ಎಲ್ಲರಿಗೂ ಕೇಳಿಸಿತು. ಯಾರೋರಾಯ ಮೊಳದಷ್ಟು ಕುಗ್ಗಿದ. ಆಮೇಲೆ ಮಂತ್ರಿಯ ಮಗ ಕೆಮ್ಮಿದ. “ಆ ಸಾಲಿನಲ್ಲಿ... ನಮ್ಮಮ್ಮನೂ ಇರಬೇಕು.” “ನಮ್ಮ ಅತ್ತಿಗೆ,” ಎಂದಳು ಒಬ್ಬಳು ಆರತಿ ತಟ್ಟೆ ಕೆಳಗಿಟ್ಟು. ಕೊನೆಗೆ ಅರಸರೂ ಕಿರೀಟ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿ, “ನನಗೆ ಹಾಲೂಡಿಸಿದ ದಾದಿ,” ಎಂದರು.

ಒಂದೊಂದು ಮಾತಿಗೂ ಯಾರೋರಾಯ ಕುಗ್ಗಿ ಕುಗ್ಗಿ, ನೊರೆಯಾಗಿ ಹೊಳೆಯಲ್ಲಿ ಹರಿದುಹೋದ. ಹೆಂಗಸರಿಗೆ ಅವರವರ ಮುಖ ಮರಳಿತು. ಬಿದ್ದ ಕಲ್ಲುಗಳು ನೀರಿಳಿಸುತ್ತ ಮೇಲೆದ್ದು ತಮ್ಮ ತಮ್ಮ ಜಾಗದಲ್ಲಿ ಕೂತವು, ಬಂಡೆಯ ಪಕ್ಕದಲ್ಲೇ ಸೇತುವೆ ಬಂದು ನಿಂತಿತು.

ಮಾಚವ್ವೆ ನಿಧಾನವಾಗಿ ತಿರುಗಿದಳು. “ಜನ ನೋಡ್ತಾ ಇದ್ದಾರೆ. ಈಗ ಮಾತಾಡಬಹುದೇನೋ?”

“ಮಾತಾಡವ್ವ.”

“ಹಾಗಾದರೆ ಕೇಳು,” ಎಂದು ಶುರುಮಾಡಿದಳು. ಅವನ ಮೀಸೆ, ಅವನ ನಡಿಗೆ, ಕುದುರೆಯ ಮೇಲಿನ ಆ ನಗು, ಒಂದನ್ನೂ ಬಿಡಲಿಲ್ಲ. ಸೇತುವೆ ಮುಗಿದರೂ ಬೈಗುಳ ಮುಗಿಯಲಿಲ್ಲ. ಬೊಪ್ಪ ತಲೆ ಬಗ್ಗಿಸಿ ಹಿಂದೆ ಹಿಂದೆ ನಡೆದ. ಯಾರೂ ನಗಲಿಲ್ಲ, ಅವರವರ ಬೈಗುಳ ಅವರವರಿಗೆ ನಡೆದಿತ್ತು. ಅರಸರದು ಇನ್ನೂ ಜೋರಾಗಿತ್ತು. ಏಳುಮುಡಿಯಲ್ಲಿ ಅಂದಿನಿಂದ ಎಲ್ಲರೂ ಸುಖವಾಗಿದ್ದರು, ಒಂದಿಷ್ಟು ನಾಚಿಕೆಯನ್ನೂ ಇಟ್ಟುಕೊಂಡು.

ಕೇಳಿದವರು ಇನ್ನೊಬ್ಬರಿಗೆ ದಾಟಿಸಿ. ನಿಮಗೆ ಹೇಳಿದ್ದು ಯಾರೆಂದು ಅವರು ಕೇಳಿದರೆ ಮಾತ್ರ, ದಯವಿಟ್ಟು ‘ಯಾರೋ’ ಅನ್ನಬೇಡಿ. ಹೆಸರು ಹೇಳಿ.