ಸಿರುಗುಪ್ಪದಲ್ಲಿ ಸಂಜೆ ಆರರೊಳಗೆ

"ಮಾರೇಶ ಅಂದ್ರ ನೀವೇ ಏನ್ರಿ?"

ಈರುಳ್ಳಿ ಹೆಚ್ಚುತ್ತಿದ್ದವನು ತಲೆ ಎತ್ತಿದ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಬಿಸಿಲಿಗೆ ಬಾಡಿದ ಮುಖ... ಆ ಹುಡುಗಿಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಆದರೆ ಆ ದನಿ! ಆರು ತಿಂಗಳು ದಿನಾ ಫೋನಿನಲ್ಲಿ ಕೇಳಿದ ದನಿ!

"ನೀಲಾವತಿ...?"

ಚಾಕು ಹಿಡಿದ ಕೈ ಹಾಗೇ ನಿಂತಿತು. ಮರುಕ್ಷಣ ಅವನ ಮುಖ ಬಿಗಿಯಿತು.

"ಒಗ್ಗರಣಿ ಬೇಕೇನ್ರಿ, ಮಿರ್ಚಿ ಬೇಕೇನ್ರಿ? ಬ್ಯಾರೆ ಮಾತಿಗೆ ನನಗ ಪುರುಸೊತ್ತಿಲ್ಲ."

ಅಯ್ಯೋ! ಬಳ್ಳಾರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳಿಗೆ ಇಂಥ ಸ್ವಾಗತ. ಆದರೂ ಅವನನ್ನು ಬೈಯುವ ಹಾಗಿಲ್ಲ ಬಿಡಿ. ತಪ್ಪೆಲ್ಲ ಇವಳದೇ.

ನೀಲಾವತಿ ಕುರುಗೋಡಿನವಳು, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮಾರೇಶ, ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಹಿಂದೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿ ಇಟ್ಟಿರುವ ಸುಂಕಲಮ್ಮನ ಮಗ. ಇಬ್ಬರಿಗೂ ಪರಿಚಯವಾದದ್ದು ಒಂದು ಪ್ಯಾಕೇಜ್ ಮ್ಯಾನೇಜರಿನಿಂದ, ಅಂದರೆ ಕಂಪ್ಯೂಟರಿಗೆ ಬೇಕಾದ ತಂತ್ರಾಂಶಗಳನ್ನು ನೆಟ್ಟಿನಿಂದ ತಂದು ಜೋಡಿಸಿಕೊಡುವ ತಂತ್ರಾಂಶದಿಂದ. ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಯಾರು ಬೇಕಾದರೂ ತಿದ್ದಿ, ತಮ್ಮ ಕಂಪ್ಯೂಟರಿನಲ್ಲೇ ಕಟ್ಟಿ, ಅಂದರೆ ಓಡುವ ರೂಪಕ್ಕೆ ತಂದು, ನೋಡಬಹುದು. ಚೆನ್ನಾಗಿದ್ದರೆ ಅದನ್ನು ನಡೆಸುವ ತಂಡ ಒಪ್ಪಿಕೊಳ್ಳುತ್ತದೆ.

"ನಮ್ಮ ಕುರುಗೋಡಿನ್ಯಾಗ ನೆಟ್ ಹೋದ್ರ ಡೌನ್‌ಲೋಡ್ ಮತ್ತ ಮೊದಲಿಂದ ಶುರು ಆಕ್ಕೈತ್ರಿ" ಎಂದು ಒಂದು ದಿನ ಇವಳು ಗೊಣಗಿದ್ದಳು. ಅಷ್ಟಕ್ಕೇ ಆ ಪುಣ್ಯಾತ್ಮ ಎರಡು ತಿಂಗಳು ಕೂತು, ನಿಂತಲ್ಲಿಂದಲೇ ಮುಂದುವರಿಯುವಂತೆ ತಿದ್ದುಪಡಿ ಬರೆದ! ಅದು ಒಪ್ಪಿಗೆಯಾದರೆ ತಂಡದಲ್ಲಿ ಅವನಿಗೆ ಕೆಲಸವೂ ಖಾತ್ರಿಯಾಗಿತ್ತು.

ನೀಲಾವತಿ ಅದನ್ನು ಕಟ್ಟಿದಳು. ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ಡೌನ್‌ಲೋಡ್ ಮೊದಲಿನಿಂದಲೇ ಶುರು!

'ಪರೀಕ್ಷಿಸಿದ್ದೇನೆ ಅಂದಿದ್ದನಲ್ಲ, ನನಗೇ ಸುಳ್ಳು ಹೇಳಿದನಾ?'

ಸಿಟ್ಟು ಬಂದರೆ ಹಿಂದೆಮುಂದೆ ನೋಡುವವಳಲ್ಲ ಇವಳು. ತಂಡದವರೆಲ್ಲ ಓದುವ ಪುಟದಲ್ಲೇ "ಪರೀಕ್ಷೆ ಮಾಡದೆ, ಮಾಡಿದ್ದೇನೆಂದು ಇವರು ಸುಳ್ಳು ಹೇಳಿದ್ದಾರೆ" ಎಂದು ಬರೆದಳು. ಪರದೆಯ ಚಿತ್ರವನ್ನೂ ಅಂಟಿಸಿ, ಅವನ ನಂಬರನ್ನು ಬ್ಲಾಕ್ ಮಾಡಿಬಿಟ್ಟಳು. ತಂಡ ತಿದ್ದುಪಡಿಯನ್ನು ತಿರಸ್ಕರಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹತ್ತು ದಿನದ ಮೇಲೆ, ಇವತ್ತು ಬೆಳಿಗ್ಗೆ ನಿಜ ಗೊತ್ತಾಯಿತು. ಕಟ್ಟಿದ ಹೊಸ ಪ್ರತಿ ಅದರ ಫೋಲ್ಡರಿನಲ್ಲೇ ಬಿದ್ದಿತ್ತು. ಇವಳು ಬರೀ ಹೆಸರು ಟೈಪ್ ಮಾಡಿದಾಗಲೆಲ್ಲ ಕಂಪ್ಯೂಟರ್ ಓಡಿಸಿದ್ದು ಮೊದಲೇ ಹಾಕಿದ್ದ ಹಳೆಯದನ್ನು! ಅವನು ಬರೆದದ್ದನ್ನು ಇವಳು ಒಮ್ಮೆಯೂ ಓಡಿಸಿರಲೇ ಇಲ್ಲ.

ಕೂಡಲೇ ಅದೇ ಪುಟದಲ್ಲಿ ತಪ್ಪೊಪ್ಪಿಕೊಂಡಳು. ತಂಡದ ಉತ್ತರ ಬಂತು: "ಈ ನಡುವೆ ಮೂಲ ಕೋಡ್ ಬದಲಾಗಿದೆ. ಬರೆದವರೇ ಹೊಸದಕ್ಕೆ ಹೊಂದಿಸಿ ಇಂದು ಸಂಜೆ ಆರರೊಳಗೆ ಕೊಡಬೇಕು. ಆಮೇಲೆ ಕೆಲಸದ ಆಯ್ಕೆ ಮುಗಿಯುತ್ತದೆ."

ಅವನ ಫೋನೋ, ಸ್ವಿಚ್ ಆಫ್! ಅದಕ್ಕೇ ಈ ಓಟ.

"ರೀ, ತಪ್ಪು ನಂದು! ನಾ ಓಡಿಸಿದ್ದು ಹಳೇದು..."

"ಗೊತ್ತೈತಿ."

"ಗೊತ್ತೈತಾ?"

"ನೀವು ಹಾಕಿದ ಚಿತ್ರದಾಗ ಹಳೇ ವರ್ಷನ್ ನಂಬರ್ ಇತ್ತು. ಅವತ್ತೇ ನೋಡಿದೆ."

"ಮತ್ತ ಯಾಕ ಬಾಯಿ ಬಿಡಲಿಲ್ರಿ?"

"ನಿಮಗಷ್ಟೇ ಹೇಳೋಣಂತ ಫೋನ್ ಹಚ್ಚಿದೆ. ಬ್ಲಾಕ್! ಎಲ್ಲಾರ ಮುಂದ ಬರಿಯಾಕ ಮನಸ್ಸಾಗಲಿಲ್ಲ. ಪರೀಕ್ಷೆ ಮಾಡಿ ನೀವು ಅಲ್ಲಿ ಬರೆದದ್ದೇ ಮೊದಲ ಸಲ... ಮಂದಿ ನಕ್ಕಿದ್ರ ಮತ್ತ ಆ ಕಡಿ ತಲಿ ಹಾಕ್ತಿರಲಿಲ್ಲ ನೀವು."

ಇವಳ ಕಣ್ಣು ತುಂಬಿ ಬಂತು. ಅಳುವಿನ ಜೊತೆ ಸಿಟ್ಟೂ ಬಂತು!

"ಯಾರು ಕೇಳಿದ್ರು ನಿಮ್ಮನ್ನ? ನನ್ನ ಮಾನ ಉಳಿಸಾಕ ನಿಮ್ಮ ಬಾಳು ಹಾಳು ಮಾಡ್ಕೋಬೇಕಿತ್ತೇನು?"

"ಮುಗೀತು ಬಿಡ್ರಿ. ನಾಳಿಯಿಂದ ಹಂಪಯ್ಯನವರ ರೈಸ್ ಮಿಲ್ಲಿಗೆ ಕೆಲಸಕ್ಕ ಹೊಂಟೀನಿ."

ಬಾಣಲೆಯ ಮುಂದಿದ್ದ ಸುಂಕಲಮ್ಮ ಜಾಲರಿ ಸೌಟನ್ನೇ ಎತ್ತಿದಳು.

"ಲೇ ಮಾರ್ಯಾ! ಹತ್ತು ದಿನ ಆತು, ನೆಟ್ಟಗ ಒಂದು ತುತ್ತು ಉಂಡಿಲ್ಲ. ಈಗ ಮನಿತನಕ ಬಂದಾಕಿ ಮುಂದ ದೌಲತ್ತು ಮಾಡಾಕತ್ತೀಯೇನು? ಏಳು, ಕೈ ತೊಳಕೋ!"

ತಾಯಿಯ ಮಾತಿಗೆ ಎದುರಾಡಲಾಗದೆ ಎದ್ದ.

ಅಂಗಡಿಯ ಬೆಂಚಿನ ಮೇಲೆ ಇವಳ ಲ್ಯಾಪ್‌ಟಾಪ್ ತೆರೆಯಿತು. ಅವನು ತಿದ್ದಿದ, ಹೊಂದಿಸಿದ. ನಾಲ್ಕೂಮುಕ್ಕಾಲಿಗೆ ಕಟ್ಟುವ ಕೆಲಸ ಶುರುವಾಯಿತು. ಐದೂ ಹತ್ತಕ್ಕೆ ಪರದೆಯ ತುಂಬ ಕೆಂಪು ಅಕ್ಷರ. ನಿಂತೇಹೋಯಿತು!

"ಆಗಂಗಿಲ್ರಿ ಇದು..." ಮಾರೇಶ ತಲೆ ಹಿಡಿದುಕೊಂಡ.

"ಆಕ್ಕೈತಿ! ಇನ್ನೊಮ್ಮೆ ನೋಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಂದೇ ಸಲ!"

ಅವನು ಮತ್ತೆ ಕೂತ. ಒಂದು ಸಾಲು ತಪ್ಪಿತ್ತು. ತಿದ್ದಿದ. ಮತ್ತೆ ಮೊದಲಿನಿಂದ ಕಟ್ಟಬೇಕು. ಗಡಿಯಾರ ನೋಡಲೂ ನೀಲಾವತಿಗೆ ಭಯ.

"ಇನ್ನಾ ಬೆಂದಿಲ್ಲೇನವ್ವಾ ಅದು?" ಸುಂಕಲಮ್ಮ ಇಣುಕಿದಳು.

ಬೆಂದದ್ದು ಐದೂ ಐವತ್ತಕ್ಕೆ! ಈ ಸಲ ಇವಳು ಫೋಲ್ಡರಿನ ಪೂರ್ತಿ ದಾರಿಯನ್ನೇ ಟೈಪ್ ಮಾಡಿದಳು. ಡೌನ್‌ಲೋಡ್ ಅರ್ಧಕ್ಕೆ ಬಂದಾಗ ಬೇಕೆಂದೇ ಫೋನಿನಿಂದ ಬರುತ್ತಿದ್ದ ನೆಟ್ ತೆಗೆದಳು. ಮತ್ತೆ ಹಚ್ಚಿದಳು.

'ದೇವರೇ... ಅವನ ಸಲುವಾಗಿಯಾದರೂ...'

ಅರ್ಧದಿಂದಲೇ ಮುಂದುವರಿಯಿತು! ನೀಲಾವತಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಐದೂ ಐವತ್ತೇಳಕ್ಕೆ ಕಳಿಸಿದರು. ಆರೂ ಕಾಲಿಗೆ ಉತ್ತರ ಬಂತು: "ಒಪ್ಪಿದ್ದೇವೆ. ತಂಡಕ್ಕೆ ಸ್ವಾಗತ, ಮಾರೇಶ."

ಅವನು ಎರಡು ಸಲ ಓದಿದ. ಇವಳು ಚೀಲ ಹೆಗಲಿಗೆ ಹಾಕಿಕೊಂಡಳು.

"ಬರ್ತೀನ್ರಿ. ಕ್ಷಮಿಸ್ರಿ ಅಂತ ಕೇಳಾಕ ನನಗ ಮಾರಿ ಇಲ್ಲ. ಆದ್ರ ಒಂದು ಹೇಳ್ತೀನಿ... ಬ್ಯಾರೆ ಯಾರರ ಸುಳ್ಳು ಹೇಳಿದ್ರ ನನಗ ಅಷ್ಟು ಸಿಟ್ಟು ಬರ್ತಿರಲಿಲ್ಲ. ನಿಮ್ಮ ಮ್ಯಾಲ ಮನಸಿತ್ತು. ಅದಕ್ಕ ಬಂತು."

ನಾಲ್ಕು ಹೆಜ್ಜೆ ಹೋಗಿದ್ದಳು.

"ನೀಲಾವತಿ! ಇನ್ನೊಮ್ಮೆ ನೀವು ತಪ್ಪು ಮಾಡಿದ್ರ ನಾ ಸುಮ್ಮನ ಇರಂಗಿಲ್ಲ."

ಇವಳು ತಿರುಗಿದಳು. "ಎಲ್ಲಾರ ಮುಂದ ಹೇಳ್ತೀರೇನು?"

"ಇಲ್ಲ. ಕಿವ್ಯಾಗ ಹೇಳ್ತೀನಿ."

"ಕಿವ್ಯಾಗ ಹೇಳಬೇಕಂದ್ರ... ದಿನಾ ಬಾಜೂಕ ಇರಬೇಕಾಕ್ಕೈತಲ್ರಿ?"

ಅವನು ಬೆಂಚು ಬಿಟ್ಟು ಎದ್ದ.

"ಇರ್ತೀಯೇನು?"

ನೀಲಾವತಿ ಹೆಗಲಿನ ಚೀಲವನ್ನು ಬೆಂಚಿನ ಮೇಲೆ ಇಳಿಸಿದಳು.

"ಇರ್ತೀನಿ, ಮಾರೇಶ."