ಕೊನೆಯ ರೂಮಿನ ಸೈನ್ ಇನ್

"ಮತ್ತೆ ತಪ್ಪು," ಎಂದಿತು ಫೋನಿನ ಆಚೆಯ ದನಿ. "ಇನ್ನೊಂದ್ಸಲ ತಪ್ಪಿದ್ರೆ ಅಕೌಂಟ್ ಲಾಕ್ ಆಗುತ್ತೆ. ಪಾಸ್‌ವರ್ಡ್ ನಿಧಾನಕ್ಕೆ ಹೊಡೀರಿ, ಪ್ಲಗ್ಗಮ್ಮನವರೇ."

ಪ್ಲಗ್ಗಮ್ಮ ಅನ್ನೋದು ಆಫೀಸಿನವರು ಇಟ್ಟ ಹೆಸರು. ಮೀಟಿಂಗ್ ರೂಮಿನ ಸ್ಕ್ರೀನ್ ಕೈಕೊಟ್ಟರೂ ಸರಿ, ಮೈಕ್ ಮುನಿಸಿಕೊಂಡರೂ ಸರಿ, ಅವಳಿಗೇ ಕರೆ. ಸರಿಮಾಡಿ ಹೊರಡುವಾಗ ಮಾತ್ರ ಯಾರೂ ತಲೆ ಎತ್ತುವುದಿಲ್ಲ. ಅಷ್ಟರಲ್ಲಿ ಮೀಟಿಂಗ್ ಶುರುವಾಗಿರುತ್ತದೆ. ಆ ಹೆಸರನ್ನು ಪ್ರೀತಿಯಿಂದ ಕರೆಯುವವನು ಇವನೊಬ್ಬನೇ, ಊರಿನ ಆ ತುದಿಯ ಹೆಡ್ ಆಫೀಸಿನಲ್ಲಿ ಕೂತ ಪಾಸ್‌ವರ್ಡ್ ಸರ್. ವರ್ಷಗಟ್ಟಲೆ ಮಾತಾಡಿದ್ದರೂ ಅವನ ಮುಖ ಅವಳು ಕಂಡಿಲ್ಲ.

ಇವತ್ತು ಆಫೀಸಿಗೆ ರಜೆ. ಹೊಸ ಅಪ್‌ಡೇಟ್ ಬಂದು ಅಷ್ಟೂ ಮೀಟಿಂಗ್ ರೂಮುಗಳ ಸ್ಕ್ರೀನುಗಳು ಸೈನ್ ಔಟ್ ಆಗಿ ಕೂತಿದ್ದವು. ಬೆಳಗ್ಗೆಯಿಂದ ಅವನು ಒಂದೊಂದು ರೂಮಿಗೂ ಹೊಸ ಪಾಸ್‌ವರ್ಡ್ ಹೇಳುವುದು, ಅವಳು ಹೊಡೆಯುವುದು, ನಡುವೆ ಇಬ್ಬರೂ ನಗುವುದು. ಇಷ್ಟು ಹೊತ್ತು ಒಬ್ಬರ ಜೊತೆ ಮಾತಾಡಿ ಅವಳಿಗೆ ಎಷ್ಟು ಕಾಲವಾಗಿತ್ತೋ. ಅಣ್ಣ-ಅತ್ತಿಗೆ ಫೋನ್ ಮಾಡಿದರೂ ಮಕ್ಕಳ ಗಲಾಟೆಯಲ್ಲಿ ಅವಳ ಮಾತು ಅರ್ಧಕ್ಕೇ ನಿಂತುಬಿಡುತ್ತಿತ್ತು.

ಇದು ಕೊನೆಯ ರೂಮು. ಈ ಅಪ್‌ಡೇಟ್ ಆದಮೇಲೆ ರೂಮುಗಳು ತಾವಾಗಿಯೇ ಸೈನ್ ಇನ್ ಆಗುತ್ತವಂತೆ. ಇನ್ನು ಅವನಿಗೆ ಫೋನ್ ಮಾಡುವ ಪ್ರಮೇಯವೇ ಇಲ್ಲ. ಬೆಳಗ್ಗೆ ಅವನು ಹಾಗೆಂದಾಗಲೇ ಅವಳ ಎದೆ ಧಸಕ್ಕೆಂದಿತ್ತು.

ಅವಳು ಬೇಕೆಂದೇ ಒಂದು ತಪ್ಪು ಅಕ್ಷರ ಒತ್ತಿದಳು.

"ಲಾಕ್ ಆಯ್ತು."

"ಅಯ್ಯೋ, ಕೈ ಜಾರ್ತು."

"ಬೆಳಗ್ಗೆಯಿಂದ ಎಲ್ಲೂ ಜಾರದ ಕೈ, ಈ ರೂಮಲ್ಲಿ ಮಾತ್ರ ಜಾರ್ತಾನೇ ಇದೆ."

ಅವಳ ಕಿವಿ ಬಿಸಿಯಾಯಿತು. ಸದ್ಯ, ಕ್ಯಾಮೆರಾಗೆ ಇನ್ನೂ ಜೀವ ಬಂದಿರಲಿಲ್ಲ.

"ಅರ್ಧ ಗಂಟೆ ಕಾಯ್ಬೇಕು. ಆಮೇಲೆ ತಾನಾಗೇ ಬಿಡುತ್ತೆ," ಎಂದ ಅವನು.

ಅವನು ಕೂತಲ್ಲೇ ಒಂದು ಬಟನ್ ಒತ್ತಿದರೆ ಈಗಲೇ ಲಾಕ್ ತೆಗೆಯಬಹುದು ಎಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತು.

"ನೀವೇ ತೆಗೀಬಹುದಲ್ಲಾ ಸರ್?"

"ತೆಗೀಬಹುದು." ದನಿ ಸಣ್ಣದಾಯಿತು. "ತೆಗೀಲಾ?"

ಉದ್ದನೆಯ ಮೇಜು, ಸುತ್ತ ಖಾಲಿ ಕುರ್ಚಿಗಳು. ಇಷ್ಟು ವರ್ಷದಲ್ಲಿ ಅವುಗಳಲ್ಲಿ ಒಂದರಲ್ಲೂ ಅವಳು ಕೂತವಳಲ್ಲ. ಒಂದನ್ನು ಎಳೆದುಕೊಂಡು ಕೂತಳು.

"ಬೇಡ."

ಆಚೆ ಅವನು ಉಸಿರು ಬಿಟ್ಟಿದ್ದು ಕೇಳಿಸಿತು.

"ರೂಮೆಲ್ಲಾ ಸರಿ ಇದ್ರೂ ಫೋನ್ ಮಾಡ್ತೀರಾ?" ಎಂದ.

"ಮಾಡಿ ಏನಂತ ಕೇಳ್ಲಿ? ಏನೂ ಕೆಟ್ಟಿರಲ್ವಲ್ಲ."

"ಊಟ ಆಯ್ತಾ ಅಂತ ಕೇಳಿ. ಅಮ್ಮ ಹೋದ್ಮೇಲೆ ನನ್ನನ್ನ ಯಾರೂ ಹಾಗೆ ಕೇಳಿಲ್ಲ."

ಅವಳನ್ನೂ ಯಾರೂ ಕೇಳುತ್ತಿರಲಿಲ್ಲ. ಒಂಟಿಯಾಗಿದ್ದೇನೆ ಎಂದು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ.

"ಊಟ ಆಯ್ತಾ?" ಎಂದಳು.

"ಇಲ್ಲ. ನಿಮ್ದು?"

"ಇಲ್ಲ." ಒಂದು ಕ್ಷಣ ತಡೆದು ಕೇಳಿದಳು, "ಅಲ್ಲಿಂದ ಇಲ್ಲಿಗೆ ಬಸ್ಸಲ್ಲಿ ಎಷ್ಟು ಹೊತ್ತು?"

"ಒಂದು ಗಂಟೆ ಹಿಡಿಯುತ್ತೆ."

"ಹಾಗಾದ್ರೆ ಇನ್ನೊಂದ್ಸಲ ಲಾಕ್ ಮಾಡ್ಕೊಂಡು ಕೂತಿರ್ತೀನಿ. ಬನ್ನಿ."

ಕುರ್ಚಿ ಸರಿದ ಸದ್ದು, ಆಮೇಲೆ ಬಾಗಿಲಿನ ಸದ್ದು. ಫೋನ್ ಇಡುವುದನ್ನೂ ಮರೆತು ಅವನು ಹೊರಟುಬಿಟ್ಟಿದ್ದ.