ಕಚ್ಚಲೊಲ್ಲದ ಹಾವು

"ಕಚ್ಚು! ಕಚ್ಚು ಅಂದ್ರೆ ಕಚ್ಬೇಕು!"

ಅಜ್ಜಿ ದೊರ್ವಲೀನಾ ಅಡುಗೆಮನೆಯ ನೆಲದ ಮೇಲೆ ಕೂತು ಬಕೆಟ್ಟಿಗೆ ಬೈಯುತ್ತಿದ್ದಳು. ಬಕೆಟ್ಟಿನ ತಳದಲ್ಲಿ ಕಂದು ಬಣ್ಣದ ಹಾವೊಂದು ಚಕ್ಕುಲಿಯಂತೆ ಸುತ್ತಿಕೊಂಡು, ತಲೆಯನ್ನು ಅಡಗಿಸಿಟ್ಟುಕೊಂಡಿತ್ತು.

ಶಾಲೆಯಿಂದ ಬಂದ ತೈನಾರಾ ಬ್ಯಾಗನ್ನು ಅಲ್ಲೇ ಬಿಟ್ಟು ಕಿರುಚಿದಳು. "ಅಜ್ಜೀ! ಕೈ ಆಚೆ ತೆಗಿ!"

"ಸುಮ್ನಿರೇ. ಕ್ಯಾನ್ಸರ್‌ಗೆ ಹಾವಿನ ವಿಷ ಒಳ್ಳೇದು ಅಂತ ನೀನೇ ಹೇಳ್ಲಿಲ್ವಾ?"

ಹೌದು, ಅವಳೇ ಹೇಳಿದ್ದಳು. ಹಾವಿನ ವಿಷದ ಸಂಶೋಧನೆ ನಡೆಸುವ ಹಾವಿನ ಸಂಸ್ಥೆಯ ವಿಜ್ಞಾನಿಯೊಬ್ಬರು ಶಾಲೆಗೆ ಬಂದು, ಬಾಲದಲ್ಲಿ ಗಿಲಕಿ ಇರುವ ಹಾವಿನ ವಿಷ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆ ಎಂದಿದ್ದರು. ಅಜ್ಜಿಯ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ತೈನಾರಾ ಆ ಸುದ್ದಿ ಹೊತ್ತು ಒಂದೇ ಉಸಿರಿಗೆ ಮನೆಗೆ ಓಡಿ ಬಂದಿದ್ದಳು.

"ಜುರಾಂದಿರ್ ಹಿಡ್ಕೊಟ್ಟ" ಎಂದಳು ಅಜ್ಜಿ.

ಪಕ್ಕದ ಮನೆಯ ಜುರಾಂದಿರ್ ಮಾಮ ಪೊರಕೆ ಹಿಡಿದು ಹೆಮ್ಮೆಯಿಂದ ನಿಂತಿದ್ದ. "ಕೋಸಿನ ಗಿಡದ ಕೆಳಗಿತ್ತು. ಭಾರೀ ವಿಷದ್ದು!"

"ಗಿಲಕಿ ಎಲ್ಲಿ ಮಾಮ?"

ಮಾಮ ಬಗ್ಗಿ ನೋಡಿದ. "ಎಲ್ಲೋ ಬಿದ್ದೋಗಿರ್ಬೇಕು."

ಎದುರು ಮನೆಯ ಜುಲೈದೆ ಅತ್ತೆಯೂ ಬಾಗಿಲಲ್ಲಿ ಇಣುಕಿದಳು. "ನಿಮ್ದಾದ್ಮೇಲೆ ನನ್ನ ಮಂಡಿಗೂ ಒಂದ್ಸಲ ಕಚ್ಚಿಸ್ಬಿಡಿ."

"ನಾಳೆ ಆಸ್ಪತ್ರೆಗೆ ಹೋಗ್ಬೇಕಲ್ಲ ಅಜ್ಜಿ? ಕ್ಯಾನ್ಸರ್ ಔಷಧಿ ಡ್ರಿಪ್ ಹಾಕ್ತಾರಲ್ಲ?" ಎಂದಳು ತೈನಾರಾ.

"ಹೋಗಲ್ಲ. ನನ್ನ ಡಾಕ್ಟ್ರು ಬಕೆಟ್‌ನಲ್ಲಿದಾರೆ."

ತೈನಾರಾಗೆ ಅಳು ಬಂತು. ಅವಳು ಬಕೆಟ್ಟಿಗೆ ಮುಚ್ಚಳ ಒತ್ತಿ, ಅದರ ಮೇಲೇ ಕೂತುಬಿಟ್ಟಳು. "ಕಚ್ಚಿಸ್ಕೊಳ್ಳೋದಾದ್ರೆ ಹಾವಿನ ಸಂಸ್ಥೇಲೇ ಕಚ್ಚಿಸ್ಕೊ. ಎಷ್ಟು ಕಚ್ಬೇಕು ಅಂತ ಅವರಿಗೇ ಗೊತ್ತಿರೋದು."

ಅಜ್ಜಿ ಯೋಚಿಸಿದಳು. "ಅದೂ ಸರಿ. ಜುರಾಂದಿರ್, ಬಕೆಟ್ ಎತ್ಕೊ." ಜುಲೈದೆ ಅತ್ತೆಯೂ ಮಂಡಿ ಹಿಡಿದುಕೊಂಡು ಹಿಂದೆಯೇ ಹೊರಟಳು.

ಸಾವೊ ಪಾವ್ಲೊದ ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ಬಕೆಟ್‌ನಲ್ಲಿ ಏನಮ್ಮಾ?" ಎಂದು ಒಬ್ಬಾತ ಕೇಳಿದ.

"ಹಾವು. ಹೆದರ್ಬೇಡಿ, ಎಷ್ಟು ಬೇಡ್ಕೊಂಡ್ರೂ ಕಚ್ತಿಲ್ಲ."

ಮುಂದಿನ ಸ್ಟಾಪಿನಲ್ಲಿ ಅರ್ಧ ಬಸ್ಸು ಇಳಿದುಹೋಯಿತು. ನಾಲ್ವರಿಗೂ ಸೀಟು ಸಿಕ್ಕಿತು.

ಸಂಸ್ಥೆಯಲ್ಲಿ ಬಕೆಟ್ ತೆರೆದವರು ಡಾಕ್ಟರ್ ಇವೊನೆತೆ, ಶಾಲೆಗೆ ಬಂದಿದ್ದ ಅದೇ ವಿಜ್ಞಾನಿ. ಉದ್ದ ಕೊಕ್ಕೆಯಿಂದ ಹಾವನ್ನು ಎತ್ತಿ ನೋಡಿದ ಅವರ ತುಟಿ ಅರಳಿತು.

"ಇದು ನಿದ್ದೆಬಡಕ ಹಾವು, ವಿಷ ಇಲ್ಲ. ತಿನ್ನೋದು ಚಿಪ್ಪಿಲ್ಲದ ಬಸವನಹುಳ. ಹೆದರಿದ್ರೆ ಮುದುರ್ಕೊಳ್ಳುತ್ತೆ, ಅಷ್ಟೇ. ಆದ್ರೂ ಗೊತ್ತಿಲ್ಲದ ಹಾವಿಗೆ ಯಾರಾದ್ರೂ ಕೈ ಹಾಕ್ತಾರಾ?"

ಜುರಾಂದಿರ್ ಮಾಮ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅದನ್ನೇಕೆ ಬಸ್ಸಿನಲ್ಲಿ ತಂದಿದ್ದನೋ ಅವನಿಗೇ ಗೊತ್ತಿರಲಿಲ್ಲ.

"ಹಾಗಾದ್ರೆ ಇದನ್ನ ಎಕ್ಸ್‌ಚೇಂಜ್ ಮಾಡ್ಕೊಡಿ" ಎಂದು ಅಜ್ಜಿ ತೋಳು ಚಾಚಿದಳು. "ಗಿಲಕಿ ಇರೋದು ಕೊಡಿ. ಕ್ಯಾನ್ಸರ್‌ಗೆ."

ಡಾಕ್ಟರ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತರು.

"ಅದು ಕಚ್ಚಿದ್ರೆ ಗಡ್ಡೆಗಿಂತ ಮೊದ್ಲು ನೀವೇ ಹೋಗ್ತೀರಿ ಅಮ್ಮಾ. ವಿಷದೊಳಗೆ ನೂರಾರು ಪದಾರ್ಥ ಇರುತ್ವೆ. ಅದ್ರಲ್ಲಿ ಒಂದನ್ನ ಬೇರೆ ಮಾಡಿ ಪರೀಕ್ಷೆ ಮಾಡ್ತಿದೀವಿ. ಮುಂದೆ ಔಷಧಿ ಆಗ್ಬಹುದು, ಆಗ್ದೇನೂ ಇರ್ಬಹುದು. ನಾನು ಶಾಲೇಲಿ ಹೇಳಿದ್ದು ಗಾಜಿನ ತಟ್ಟೆಲಿ ಬೆಳೆಸಿದ ಜೀವಕೋಶಗಳ ವಿಷ್ಯ."

ತೈನಾರಾಳ ಕಿವಿ ಬಿಸಿಯಾಯಿತು. ಗಾಜಿನ ತಟ್ಟೆಯ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು. ಮನೆಗೆ ಓಡುವಾಗ ಆ ತಟ್ಟೆ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

"ಅದು ಯಾವಾಗ ಸಿಗುತ್ತೆ?" ಅಜ್ಜಿಯ ದನಿ ಸಣ್ಣಗಾಗಿತ್ತು.

"ಗೊತ್ತಿಲ್ಲ. ಇವತ್ತಿಗೆ ನಿಮ್ಮ ಕೈಗೆ ಸಿಗೋ ಔಷಧಿ ಆಸ್ಪತ್ರೇಲಿದೆ. ಅದನ್ನ ಬಿಡ್ಬೇಡಿ."

ಹೊರಗೆ ಮರದ ಕೆಳಗಿನ ಬೆಂಚಿನಲ್ಲಿ ಅಜ್ಜಿ ಖಾಲಿ ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ನಾನು ಅರ್ಧ ಮಾತ್ರ ಹೇಳ್ದೆ ಅಜ್ಜಿ" ಎಂದಳು ತೈನಾರಾ.

"ನಾನೂ ಅರ್ಧ ಮಾತ್ರ ಕೇಳಿಸ್ಕೊಂಡೆ ಬಿಡು."

"ಹಾವಂದ್ರೆ ಭಯ ಆಗ್ಲಿಲ್ವಾ?"

"ಆಯ್ತು. ಆದ್ರೆ ಬಕೆಟ್ ಇಟ್ಕೊಂಡು ಕೂತ್ರೆ ಬೀದಿನೇ ಬಂತು ನೋಡು. ಆಸ್ಪತ್ರೇಲಿ ಸೂಜಿ ಚುಚ್ಚಿ ಹೋಗ್ಬಿಡ್ತಾರೆ. ಆಮೇಲೆ ನಾನು, ನನ್ನೆದುರಿಗೆ ಗೋಡೆ. ನಿಮ್ಮಮ್ಮಂಗೆ ಬೇಕರಿಲಿ ರಜೆ ಇಲ್ಲ. ಸಂಜೆವರೆಗೂ ಆ ಗೋಡೆನ ಏನಂತ ಮಾತಾಡಿಸ್ಲಿ?"

ತೈನಾರಾ ಮನೆಗೆ ಬಂದವಳೇ ಅಮ್ಮನ ಬೆನ್ನು ಹತ್ತಿದಳು. ಅವಳು ಒಂದು ದಿನ ಶಾಲೆ ತಪ್ಪಿಸಿ ಅಜ್ಜಿಯ ಜೊತೆ ಹೋಗಲು ಅಮ್ಮ ಒಪ್ಪಿದಳು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಕೈ ಅಡ್ಡ ಹಿಡಿದಳು. "ಜೊತೇಲಿ ಒಬ್ರೇ!"

ಜುರಾಂದಿರ್ ಮಾಮ ಮಡಚುವ ಕುರ್ಚಿ ತಂದಿದ್ದ. ಜುಲೈದೆ ಅತ್ತೆ ಡಬ್ಬಿ ತುಂಬ ಚೀಸ್ ಬನ್ ತಂದಿದ್ದಳು. ತಾವು ರೋಗಿಯ ಅಣ್ಣ, ತಂಗಿ ಎಂದು ಇಬ್ಬರೂ ಆಣೆ ಇಟ್ಟರು. ಅಜ್ಜಿ ಅವರನ್ನು ಕಿಟಕಿಯ ಹೊರಗೆ ಕೂರಿಸಿ, ತೈನಾರಾಳನ್ನು ಒಳಗೆ ಕರೆದುಕೊಂಡಳು.

ಸೂಜಿ ಬಂತು. ಇಡೀ ಬೀದಿಯನ್ನು ಹೆದರಿಸುವ ಅಜ್ಜಿ ಕಣ್ಣು ಮುಚ್ಚಿ ಮೊಮ್ಮಗಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತೈನಾರಾಳ ಬೆರಳು ನೋಯುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಕುರ್ಚಿಯನ್ನು ಗೋಡೆಗೂ ಅಜ್ಜಿಗೂ ನಡುವೆ ಎಳೆದುಕೊಂಡು, ತನ್ನ ತರಗತಿಯ ಒಬ್ಬೊಬ್ಬರ ಚಾಡಿಯನ್ನೂ ನಿಧಾನವಾಗಿ ಹೇಳತೊಡಗಿದಳು.